ಅಕ್ಕ ಕಟ್ಟಿದ ಫೀಸು

ಓಣಿಯ ಜನ ಅವನಿಗೆ ತಡಿಯಪ್ಪ ಎಂದು ಹೆಸರಿಟ್ಟಿದ್ದರು. ಎದುರುಮನೆಯಾಕೆ ಮಗಳ ಮದುವೆ ಗೊತ್ತಾಯಿತೆಂದು ಹೇಳಲು ಬಂದರೆ ಅವನು, "ತಡೀರಿ, ಸ್ವಲ್ಪ ಹೊತ್ತು ಹೋಗಲಿ" ಎನ್ನುತ್ತಿದ್ದ. ಯಾರಿಗೋ ಕೆಲಸ ಸಿಕ್ಕಿತು ಅಂದರೂ ಅದೇ ಮಾತು, ಆಸ್ಪತ್ರೆಯಲ್ಲಿ ಹೆರಿಗೆಯಾಯಿತು ಅಂದರೂ ಅದೇ ಮಾತು. ಹುಟ್ಟಿದ ಮಗು ಮತ್ತೆ ಒಳಗೆ ಹೋಗುತ್ತದೇನಯ್ಯ ಎಂದು ಜನ ಬಿದ್ದು ಬಿದ್ದು ನಗುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ಹೋಗುವುದೇ ಇಲ್ಲ ಎಂದು ಅವನ ಮನಸ್ಸು ಒಪ್ಪುತ್ತಿರಲಿಲ್ಲ.

ಆಗ ಅವನು ಫ್ರಿಜ್ ರಿಪೇರಿ ಮಾಡಿಕೊಂಡಿದ್ದ. ರಿಪೇರಿ ಮುಗಿದು, ಕೂಲಿ ಜೇಬಿಗೆ ಬಿದ್ದ ಮೇಲೂ ಹೊಸ್ತಿಲಲ್ಲಿ ಕೆಲಹೊತ್ತು ನಿಂತು, ಮತ್ತೆ ಒಳಗೆ ಬಂದು ಬಾಗಿಲು ತೆಗೆದು ಕೈಯಿಟ್ಟು ನೋಡುವುದು ಅವನ ಪದ್ಧತಿ. ಗಿರಾಕಿಗಳಿಗೆ ಇದು ಶ್ರದ್ಧೆಯಂತೆ ಕಾಣುತ್ತಿತ್ತು. ಶ್ರದ್ಧೆಯೂ ಇಲ್ಲ, ಮಣ್ಣೂ ಇಲ್ಲ, ಅದು ಭಯ. ಈಗಷ್ಟೇ ಆದದ್ದು ಆಗಿಲ್ಲದ ಹಾಗೆ ಆಗಿಬಿಡಬಹುದು ಎಂಬ ಭಯ. ಅಂಥದ್ದೊಂದನ್ನು ಅವನು ಕಣ್ಣಾರೆ ಕಂಡಿದ್ದ, ಕೈಯಾರೆ ಮಾಡಿದ್ದ.

ಅಪ್ಪ ಅಮ್ಮ ಒಂದೇ ಬಸ್ ಅಪಘಾತದಲ್ಲಿ ಹೋದಾಗ ಅಕ್ಕ ಶಾಲೆಗೆ ಹೋಗುವ ಹುಡುಗಿ, ಅವನು ಬಾಯಲ್ಲಿ ಬೆರಳಿಟ್ಟುಕೊಳ್ಳುವ ಕೂಸು. ನೆಂಟರು ಬಂದರು, ಕಣ್ಣೊರೆಸಿಕೊಂಡರು, ಹೋದರು. ಅಕ್ಕ ಶಾಲೆ ಬಿಟ್ಟು ಹೊಲಿಗೆ ಕಲಿತಳು. ಊರವರ ಬಟ್ಟೆಯ ಉಳಿಕೆ ತುಂಡುಗಳಲ್ಲಿ ತಮ್ಮನಿಗೆ ಅಂಗಿ ಹೊಲಿದಳು. ಒಂದು ತೋಳು ಒಂದು ಬಣ್ಣ, ಇನ್ನೊಂದು ತೋಳು ಇನ್ನೊಂದು ಬಣ್ಣ. ಹುಡುಗರು ಗೇಲಿ ಮಾಡಿದರೆ, "ಅವರಿಗೆಲ್ಲ ಒಂದೇ ಬಣ್ಣ, ಪಾಪ" ಎಂದು ಹೇಳಿಕೊಟ್ಟಿದ್ದಳು. ಅವಳನ್ನು ಕೇಳಿಕೊಂಡು ಬಂದವರಿಗೆ, "ಇವನನ್ನ ಯಾರ ಕೈಗೆ ಕೊಟ್ಟು ಬರ್ಲಿ?" ಅನ್ನುತ್ತಿದ್ದಳು. ಇವನು ಬೆಳೆದು, ಫ್ರಿಜ್ ಕೆಲಸ ಕಲಿತು, ಮದುವೆಯಾಗಿ ಬೇರೆ ಮನೆ ಮಾಡುವ ಹೊತ್ತಿಗೆ ಕೇಳುವವರು ಬರುವುದು ನಿಂತಿತ್ತು. ಅವಳಿಗೆ ಉಳಿದದ್ದು ಒಂದು ಹೊಲಿಗೆ ಯಂತ್ರ, ಬಾಡಿಗೆಗೆ ಹಿಡಿದ ಒಂದು ಪುಟ್ಟ ಅಂಗಡಿ, ಭಾನುವಾರ ಊಟಕ್ಕೆ ಬರುವ ತಮ್ಮ.

ಅವನಿಗೆ ಮೊದಲು ಕೆಲಸ ಸಿಕ್ಕಿದ್ದು ಊರ ಹೊರಗಿನ ಒಂದು ಶೀತಲಗೃಹದಲ್ಲಿ. ಅದು ನಷ್ಟವಾಗಿ ಮುಚ್ಚಿತು. ಖಾಲಿ ಕಟ್ಟಡವನ್ನು ಮೈನಿಂಗ್ ಮಾಡುವ ಒಬ್ಬ ಯಜಮಾನ ಹಿಡಿದ. ತಣ್ಣಗಿಡಲೆಂದೇ ಕಟ್ಟಿದ ಆ ಗೋಡೆಗಳೊಳಗೆ ಸಾಲುಸಾಲು ಯಂತ್ರಗಳು ಬಂದು, ಕುಲುಮೆಯ ಹಾಗೆ ಬಿಸಿಯುಗುಳಲು ಶುರುಮಾಡಿದವು. ಬಿಸಿಯನ್ನು ಹೊರಗೆ ತಳ್ಳಲು ಫ್ಯಾನುಗಳು, ಫ್ಯಾನುಗಳನ್ನು ನೋಡಿಕೊಳ್ಳಲು ಇವನು. ಕಿವಿಗೆ ಹತ್ತಿ ತುರುಕಿಕೊಂಡು ಓಡಾಡುತ್ತಿದ್ದವನು ನೋಡಿ ನೋಡಿಯೇ ಒಳಗಿನ ಕೆಲಸ ಕಲಿತ. ಸ್ವಲ್ಪ ಕಾಲದಲ್ಲಿ ಹಗಲು ಪಾಳಿಯ ಕಂಪ್ಯೂಟರಿನ ಮುಂದೆ ಅವನದೇ ಕುರ್ಚಿಯಾಯಿತು.

ಮೈನಿಂಗ್ ಎಂದರೆ ನೆಲ ಅಗೆಯುವುದಲ್ಲ. ಕಂಪ್ಯೂಟರಿನಲ್ಲಷ್ಟೇ ಇರುವ, ಕಣ್ಣಿಗೆ ಕಾಣದ ಒಂದು ನಾಣ್ಯ. ಯಾರು ಯಾರಿಗೆ ಎಷ್ಟು ಕಳಿಸಿದರು ಎಂಬುದನ್ನು ಪುಟಪುಟವಾಗಿ ಬರೆದು, ಒಂದರ ಹಿಂದೆ ಒಂದನ್ನು ಹೊಲಿಯುತ್ತಾ ಹೋಗುತ್ತಾರೆ. ಆ ಪುಟಕ್ಕೆ ಬ್ಲಾಕ್ ಎನ್ನುತ್ತಾರೆ. ಮುಂದಿನ ಪುಟ ಹೊಲಿಯುವ ಹಕ್ಕಿಗಾಗಿ ಜಗತ್ತಿನ ಅಲ್ಲಲ್ಲಿ ಕೂತ ಯಂತ್ರಗಳು ಪೈಪೋಟಿಯಲ್ಲಿ ಒಂದು ಲೆಕ್ಕ ಬಿಡಿಸುತ್ತವೆ. ಮೊದಲು ಬಿಡಿಸಿದವನಿಗೆ ಇನಾಮು. ಜೊತೆಗೆ ಹಣ ಕಳಿಸಿದವರು ಕಟ್ಟಿದ ಫೀಸೂ ಅವನಿಗೇ. ಎಲ್ಲಿಯಾದರೂ ಎರಡು ಸಾಲು ಪುಟಗಳು ಎದುರುಬದುರಾದರೆ, ಯಾವುದು ಉದ್ದವೋ ಅದೇ ನಿಜ. ಗಿಡ್ಡದ್ದನ್ನು ಎಲ್ಲರೂ ಮರೆತುಬಿಡುತ್ತಾರೆ. ಶಾಸ್ತ್ರ ಇಷ್ಟೇ.

ಎಲ್ಲಿ ಶಾಸ್ತ್ರವೋ ಅಲ್ಲಿ ಅದನ್ನು ತಿರುಚುವವನೂ ಇರುತ್ತಾನೆ. ದೊಡ್ಡ ನಾಣ್ಯಗಳಲ್ಲಿ ಈ ಆಟ ನಡೆಯುವುದು ಕಷ್ಟ. ಯಜಮಾನ ಹಿಡಿದದ್ದು ಒಂದು ಚಿಕ್ಕ ನಾಣ್ಯವನ್ನು. ಅದರ ಒಟ್ಟು ಯಂತ್ರಬಲದಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದು ಕಟ್ಟಡದಲ್ಲೇ ಇತ್ತು. ಬೇರೆ ಯಾರೋ ಆಗತಾನೇ ಹೊಲಿದ ಪುಟದಲ್ಲಿ ಭಾರಿ ಫೀಸು ಕಂಡರೆ, ಯಜಮಾನ ಆ ಪುಟದ ಮುಂದಕ್ಕೆ ಹೋಗುತ್ತಿರಲಿಲ್ಲ. ಅದನ್ನು ಬಿಟ್ಟು, ಅದರಲ್ಲಿದ್ದ ಲೆಕ್ಕವನ್ನೇ ತನ್ನದೊಂದು ಪುಟದಲ್ಲಿ ಬರೆದು ಹಿಂದಿನ ಪುಟಕ್ಕೆ ಹೊಲಿದು, ಅದರ ಮೇಲೆ ಇನ್ನೊಂದು ಹೊಲಿದು ಸಾಲನ್ನು ಉದ್ದ ಮಾಡಿಬಿಡುತ್ತಿದ್ದ. ಜಗತ್ತೆಲ್ಲ ಉದ್ದದ ಕಡೆಗೆ ತಿರುಗುತ್ತಿತ್ತು. ಪಾಪದವನ ಪುಟ ಬಿದ್ದುಹೋಗುತ್ತಿತ್ತು, ಫೀಸು ಯಜಮಾನನ ಕೈಗೆ ಬರುತ್ತಿತ್ತು. ಕಟ್ಟಡದ ಒಳಗೆ ಇದಕ್ಕೆ 'ಮಗುಚೋದು' ಅನ್ನುತ್ತಿದ್ದರು. ಮಗುಚಿದ ದಿನ ಎಲ್ಲರಿಗೂ ಕೈಗಾಣಿಕೆ, ಸಿಹಿ, ಚಹಾ.

ಇದು ಕಳ್ಳತನವಲ್ಲವೇ ಎಂದು ಅವನು ಮೊದಮೊದಲು ಕೇಳಿದ್ದುಂಟು. ಎದೆಯುರಿಯ ಮಾತ್ರೆಗಳನ್ನು ಕಡಲೆಯಂತೆ ಬಾಯಿಗೆ ಹಾಕಿಕೊಳ್ಳುವ ಯಜಮಾನ, "ಯಾರ ಮನೆ ಬೀಗ ಒಡೆದಿದೀವಪ್ಪಾ? ಉದ್ದ ಇರೋದೇ ನಿಜ ಅಂತ ರೂಲ್ಸಲ್ಲೇ ಇದೆ" ಅಂದಿದ್ದ. ಇವನು ತನ್ನ ಕೆಲಸಕ್ಕೆ ಮರಳಿದ. ಉತ್ತರ ಸಿಗದ ಮಾತೆಲ್ಲ ನ್ಯಾಯವಾಗುವುದಿಲ್ಲ ಎಂದು ಆಗ ಅವನಿಗೆ ಹೊಳೆಯಲಿಲ್ಲ, ಸಂಬಳ ಚೆನ್ನಾಗಿತ್ತು.

ಸಂಬಳದ ಒಂದು ಪಾಲು ಆ ನಾಣ್ಯದಲ್ಲೇ ಬರುತ್ತಿತ್ತು. ಅಕ್ಕ ಹೊಲಿಗೆಯಿಂದ ಉಳಿಸಿದ ಕಾಸನ್ನು ಇವನ ಕೈಗೆ ಕೊಡುತ್ತಿದ್ದಳು. ಇವನು ಅಷ್ಟು ನಾಣ್ಯವನ್ನು ಅವಳ ಫೋನಿಗೆ ಹಾಕುತ್ತಿದ್ದ. "ಬ್ಯಾಂಕಿಗಿಂತ ಬೇಗ ಬೆಳೆಯುತ್ತೆ ಅಕ್ಕ" ಎಂದಿದ್ದ. ಬೆಳೆಯಿತು ಕೂಡ. ಅಂಗಡಿಯ ಮಾಲೀಕ ಪರದೇಶದಲ್ಲಿದ್ದ. ಅಂಗಡಿ ಮಾರುತ್ತೇನೆ, ಬೇಕಾದರೆ ನೀವೇ ತಗೊಳ್ಳಿ, ದುಡ್ಡು ಆ ನಾಣ್ಯದಲ್ಲೇ ಕಳಿಸಿದರೂ ನಡೆಯುತ್ತದೆ ಎಂದು ಅವನು ಹೇಳಿಕಳಿಸಿದಾಗ ಅಕ್ಕ ಅಂದು ಊಟಕ್ಕೆ ಕೂರಲೇ ಇಲ್ಲ. ಅಂಗಡಿಯೊಳಗೆ ಅತ್ತಿಂದಿತ್ತ ನಡೆದಳು, ಗೋಡೆ ಮುಟ್ಟಿದಳು. "ಇಲ್ಲೊಂದು ಕಿಟಕಿ ಒಡೆಸ್ತೀನಿ ಕಣೋ. ಯಾರಪ್ಪನ್ನೂ ಕೇಳ್ಬೇಕಾಗಿಲ್ಲ" ಅಂದಳು.

ಹಣ ಕಳಿಸುವುದನ್ನು ಇವನೇ ಕಲಿಸಿಕೊಟ್ಟ. ಇಲ್ಲಿ ಒಂದು ತಪ್ಪಾಯಿತು, ಆ ಕಟ್ಟಡದಲ್ಲಿ ಕೆಲಸ ಮಾಡುವವನಷ್ಟೇ ಮಾಡಬಹುದಾದ ತಪ್ಪು. ಮೈನಿಂಗಿನವರಿಗೆ ಫೀಸೇ ಮೊದಲು. ಅವರ ಕಂಪ್ಯೂಟರಿನಲ್ಲಿ ಮೇಲಿನ ಚೌಕ ಫೀಸಿನದು, ಕೆಳಗಿನದು ಮೊತ್ತದ್ದು. ದಿನವಿಡೀ ಅದನ್ನೇ ನೋಡಿದ ಕಣ್ಣು ಅವನದು. ಅಕ್ಕನ ಫೋನಿಗೆ ನಾಣ್ಯ ಬರುತ್ತಿತ್ತೇ ಹೊರತು ಅದರಿಂದ ಯಾವತ್ತೂ ಹೊರಗೆ ಹೋಗಿರಲಿಲ್ಲ; ಕಳಿಸುವ ಪರದೆಯನ್ನು ಅವನು ತೆರೆದು ನೋಡಿರಲೇ ಇಲ್ಲ. ಬಟ್ಟೆ ಗುರುತು ಹಾಕುವ ಸುಣ್ಣದ ತುಂಡಿನಿಂದ ಕತ್ತರಿಸುವ ಮೇಜಿನ ಮೇಲೆ ಎರಡು ಚೌಕ ಬರೆದು, "ಮೇಲೆ ಸಣ್ಣ ಅಂಕಿ, ಕೆಳಗೆ ದೊಡ್ಡ ಅಂಕಿ. ಕೆಂಪಕ್ಷರದಲ್ಲಿ ಏನೋ ಹೆದರ್ಸುತ್ತೆ, ಅದು ಎಲ್ಲರಿಗೂ ಬರುತ್ತೆ, ಹೌದು ಅಂತ ಒತ್ತು" ಎಂದು ಪಾಠ ಹೇಳಿದ. ದೊಡ್ಡ ಅಂಕಿ ಎಷ್ಟೆಂದು ತಾನೇ ಲೆಕ್ಕ ಹಾಕಿ, ಚುಕ್ಕಿಯ ಮುಂದಿನ ಚಿಲ್ಲರೆ ಸಮೇತ ಬಾಯಿಪಾಠ ಮಾಡಿಸಿದ. ಅಕ್ಕ ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ ಒಪ್ಪಿಸಿದಳು. ಇಬ್ಬರೂ ನಕ್ಕರು.

ಭಾನುವಾರ ಇಬ್ಬರೂ ಕೂತು ಕಳಿಸುವುದೆಂದು ಮಾತಾಗಿತ್ತು. ಆದರೆ ವಾರದ ಮಧ್ಯೆ ಮಾಲೀಕ ಫೋನ್ ಮಾಡಿದ. ಇನ್ನೊಬ್ಬ ಗಿರಾಕಿ ಬಂದಿದ್ದಾನೆ, ಇವತ್ತೇ ಕಳಿಸಿದರೆ ನಿಮಗೆ, ಇಲ್ಲವಾದರೆ ಅವನಿಗೆ ಎಂದ. ಅಕ್ಕ ತಮ್ಮನಿಗೆ ಫೋನ್ ಮಾಡಿದಳು. ಮತ್ತೆ ಮಾಡಿದಳು. ಮೈನಿಂಗ್ ಕಟ್ಟಡದೊಳಗೆ ಫೋನ್ ಒಯ್ಯುವಂತಿರಲಿಲ್ಲ. ಬಾಗಿಲ ಬಳಿಯ ತಗಡಿನ ಪೆಟ್ಟಿಗೆಯಲ್ಲಿ ಎಲ್ಲರ ಫೋನುಗಳ ಜೊತೆ ಅವನದೂ ಇತ್ತು. ಅದು ಅಲ್ಲೇ ಬಡಿದುಕೊಂಡು ಸುಮ್ಮನಾಯಿತು. ಅಕ್ಕ ಕನ್ನಡಕ ಒರೆಸಿಕೊಂಡು, ಕಲಿತ ಪಾಠದಂತೆ ಮೇಲೆ ಸಣ್ಣ ಅಂಕಿ ಬರೆದಳು, ಕೆಳಗೆ ದೊಡ್ಡ ಅಂಕಿ ಬರೆದಳು. ಅವಳ ಫೋನಿನಲ್ಲಿ ಮೇಲಿನದು ಮೊತ್ತ, ಕೆಳಗಿನದು ಫೀಸು. ಕೆಂಪಕ್ಷರ ಬಂತು. ತಮ್ಮ ಹೇಳಿದ್ದಾನಲ್ಲ, ಹೆದರಲಿಲ್ಲ.

ಊಟ ಮುಗಿಸಿ ಅವನು ಕುರ್ಚಿಗೆ ಬಂದು ಕೂತಿದ್ದಷ್ಟೇ. ಪರದೆಯ ಮೇಲೆ ಹೊಸ ಬ್ಲಾಕ್ ಕಂಡಿತು. ಅದರ ಫೀಸು ನೋಡಿ ಪಕ್ಕದವನು ಸಿಳ್ಳೆ ಹಾಕಿದ. ಆ ಬ್ಲಾಕ್ ಹೊಲಿದವನು ಎಲ್ಲೋ ದೂರದ ದೇಶದಲ್ಲಿ ಒಂದೆರಡು ಯಂತ್ರ ಇಟ್ಟುಕೊಂಡಿದ್ದ ಒಬ್ಬಂಟಿ. ಯಾರಾದರೂ ತಪ್ಪಾಗಿ ಭಾರಿ ಫೀಸು ಕಟ್ಟಿ ಅದು ಅವನ ಪಾಲಿಗೆ ಬಂದರೆ, 'ಇದು ಯಾರದ್ದು? ಬಂದು ಗುರುತು ಹೇಳಿ, ವಾಪಸ್ ಕೊಡುತ್ತೇನೆ' ಎಂದು ಆ ನಾಣ್ಯದವರೆಲ್ಲ ಸೇರುವ ಇಂಟರ್ನೆಟ್ಟಿನ ಹರಟೆ ಪುಟದಲ್ಲಿ ಬರೆಯುತ್ತಿದ್ದ, ಕೊಡುತ್ತಲೂ ಇದ್ದ. ಕಟ್ಟಡದಲ್ಲಿ ಅವನನ್ನು ಹರಿಶ್ಚಂದ್ರ ಎಂದು ಆಡಿಕೊಳ್ಳುತ್ತಿದ್ದರು.

"ಹರಿಶ್ಚಂದ್ರಂಗೆ ಸಿಕ್ಕಿದೆಯಾ? ಮಗುಚು" ಎಂದ ಯಜಮಾನ.

ಅವನ ಕೈ ಕೀಲಿಗಳ ಮೇಲಿತ್ತು. ಕಣ್ಣು ಆ ಫೀಸಿನ ಮೇಲಿತ್ತು. ಚುಕ್ಕಿಯ ಮುಂದಿನ ಚಿಲ್ಲರೆಯವರೆಗೂ ಅದು ಗುರುತಿನ ಅಂಕಿ.  ಯಾರ ವಿಳಾಸದಿಂದ ಬಂತೆಂದು ನೋಡಲು ಒಮ್ಮೆ ಒತ್ತಿದರೆ ಸಾಕಿತ್ತು.

"ಏನು ಮುಹೂರ್ತ ನೋಡ್ತಿದೀಯಾ? ಅದರ ಮೇಲೆ ಇನ್ನೊಂದು ಕೂತ್ರೆ ಕೆಲಸ ಕೆಡುತ್ತೆ!"

ಅವನು ಒತ್ತಲಿಲ್ಲ. ಅಕ್ಕ ಕಳಿಸುವುದು ಭಾನುವಾರ ಅಂದುಕೊಂಡ. ಲೋಕದಲ್ಲಿ ಒಂದೇ ಅಂಕಿ ಎರಡು ಕಡೆ ಇರಬಾರದೆಂದು ಎಲ್ಲಿದೆ ಅಂದುಕೊಂಡ. ಮಗುಚಿದ. ಯಂತ್ರಗಳೆಲ್ಲ ಒಮ್ಮೆಲೇ ದನಿ ಏರಿಸಿದವು. ಚಹಾ ತಣ್ಣಗಾಗುವುದರೊಳಗೆ ಹರಿಶ್ಚಂದ್ರನ ಪುಟ ಬಿದ್ದುಹೋಗಿ, ಅವರ ಪುಟ ನಿಂತು, ಅದರ ಮೇಲೆ ಇನ್ನೊಂದೂ ಕೂತಿತು. ಯಜಮಾನ ಅವನ ಬೆನ್ನು ತಟ್ಟಿ ಜೇಬಿಗೆ ನೋಟಿನ ಲಕೋಟೆ ತುರುಕಿದ.

ಸಂಜೆ ತಗಡಿನ ಪೆಟ್ಟಿಗೆಯಿಂದ ಫೋನ್ ತೆಗೆದಾಗ ಅದರ ತುಂಬ ಅಕ್ಕನ ಕರೆಗಳು. ಅವನು ಅಲ್ಲೇ ನಿಂತು ಮಾಡಿದ.

"ಕಳ್ಸಿದೆ ಕಣೋ! ನೀನು ಹೇಳಿದ ಹಾಗೇ. ಮೇಲೆ ಸಣ್ಣದು, ಕೆಳಗೆ ದೊಡ್ಡದು. ಒಂದ್ಸಲಾನೂ ತಡವರಿಸ್ಲಿಲ್ಲ" ಅಂದಳು. ಆಮೇಲೆ ದನಿ ಸ್ವಲ್ಪ ಇಳಿಯಿತು. "ಮಾಲೀಕ ಮಾತ್ರ ಬರೀ ಚಿಲ್ಲರೆ ಬಂದಿದೆ ಅಂತಾನೆ. ಮಿಕ್ಕಿದ್ದು ದಾರೀಲಿರುತ್ತೆ, ಅಲ್ವೇನೋ?"

ಅವನು ಅದೇ ಕಾಲಲ್ಲಿ ಒಳಗೆ ಓಡಿದ. ಅದು ತನ್ನ ಅಕ್ಕನದು, ಗೊತ್ತಿಲ್ಲದೆ ತಾನೇ ತಪ್ಪು ಹೇಳಿಕೊಟ್ಟದ್ದು, ವಾಪಸ್ ಕೊಡಿ ಸಾರ್ ಎಂದು ಯಜಮಾನನ ಮೇಜು ಹಿಡಿದುಕೊಂಡು ಕೇಳಿದ. ಯಜಮಾನ ಕೋಪಿಸಿಕೊಳ್ಳಲಿಲ್ಲ. ಮಾತ್ರೆ ಅಗಿಯುತ್ತಾ, "ಪ್ರತಿ ಸಲ ಯಾರದೋ ಒಬ್ಬರ ಅಕ್ಕಂದೇ ಇರುತ್ತಪ್ಪ. ಇಷ್ಟು ದಿನ ನೀನು ಕೇಳಿರ್ಲಿಲ್ಲ" ಎಂದ.  ಮರುದಿನದಿಂದ ಅವನು ಆ ಕಟ್ಟಡಕ್ಕೆ ಹೋಗಲಿಲ್ಲ, ಮನೆಮನೆಯ ಫ್ರಿಜ್ ರಿಪೇರಿಗೆ ಇಳಿದ.

ಅಂಗಡಿ ಇನ್ನೊಬ್ಬ ಗಿರಾಕಿಯ ಪಾಲಾಯಿತು. ಅಕ್ಕ ಯಂತ್ರವನ್ನು ತನ್ನ ಬಾಡಿಗೆ ಕೋಣೆಗೆ, ಮಹಡಿಗೆ ಸಾಗಿಸಿದಳು. ಮೆಟ್ಟಿಲು ಹತ್ತಲಾರದ ಗಿರಾಕಿಗಳು ಬಿಟ್ಟುಹೋದರು. ತಾನು ತಪ್ಪಾಗಿ ಕಲಿಸಿದೆ ಎಂಬುದನ್ನು ಅವನು ಅಂದೇ ಹೇಳಿದ. ಅದಕ್ಕೆ ಅವಳು, "ಕೈತಪ್ಪು ಯಾರಿಗಿಲ್ಲ, ನಾನು ಎಷ್ಟು ಜನರ ತೋಳು ಗಿಡ್ಡ ಮಾಡಿಲ್ಲ" ಎಂದು ಅವನ ತಲೆ ಸವರಿದಳು. ಮಿಕ್ಕಿದ್ದನ್ನು ಹೇಳಲು ಬಾಯಿ ಬರಲಿಲ್ಲ. ಯಜಮಾನ ಕೊಟ್ಟ ಲಕೋಟೆಯನ್ನು, "ಇದನ್ನಿಟ್ಕೋ" ಎಂದು ಅವಳ ಕೈಗೇ ಕೊಟ್ಟುಬಿಟ್ಟ. ಚಿನ್ನದಂಥ ತಮ್ಮ ಎಂದು ಅವಳು ಕಂಡಕಂಡವರ ಬಳಿ ಹೇಳಿಕೊಂಡು ಬಂದಳು. ಇದಕ್ಕಿಂತ ಬೈಗುಳ ಬೇರೆ ಬೇಕೆ?

ಹರಟೆ ಪುಟದಲ್ಲಿ ಆ ಒಬ್ಬಂಟಿ ಎರಡು ಸಲ ಬರೆದಿದ್ದ. ಮಾಲೀಕನಿಂದ ಅದರ ಸುದ್ದಿ ತಿಳಿದ ಅಕ್ಕ ಭಾನುವಾರ ಓದಿ ಹೇಳು ಎಂದಾಗ ಅವನು ಓದಲೇಬೇಕಾಯಿತು. ಮೊದಲನೆಯದು: 'ಈ ಫೀಸು ಯಾರದೋ ಕೈತಪ್ಪು. ನಿಮ್ಮದಾದರೆ ಬನ್ನಿ, ಪೂರ್ತಿ ವಾಪಸ್ ಕೊಡುತ್ತೇನೆ.' ಎರಡನೆಯದು ಸ್ವಲ್ಪ ಹೊತ್ತಿನ ನಂತರದ್ದು: 'ಕ್ಷಮಿಸಿ. ನನ್ನ ಬ್ಲಾಕನ್ನು ಮಗುಚಿದ್ದಾರೆ. ನನ್ನ ಕೈಯಲ್ಲಿ ಈಗ ಏನೂ ಇಲ್ಲ.'

ಅಕ್ಕ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಅಂದ್ರೆ ಸಿಕ್ಕಿತ್ತು" ಎಂದಳು. "ಸಿಕ್ಕಿದ್ದನ್ನ ಯಾರೋ ಕಿತ್ಕೊಂಡ್ರು. ಮಗುಚಿದವನ್ಯಾರು ಅಂತ ಗೊತ್ತಾಗಲ್ವಾ? ನೀನು ಅಲ್ಲೇ ಇದ್ದವನು, ಹುಡುಕೋ."

"ಹುಡುಕ್ತೀನಿ ಅಕ್ಕ."

ಅಂದಿನಿಂದ ಪ್ರತಿ ಭಾನುವಾರ ತಟ್ಟೆಗೆ ಬಡಿಸುತ್ತಾ ಅವಳು ಕೇಳುವುದು, "ಸಿಕ್ಕಿದ್ನೇನೋ?" ಇವನು ತಲೆ ತಗ್ಗಿಸಿ, "ಹುಡುಕ್ತಿದೀನಿ" ಎನ್ನುವುದು. ವರ್ಷಗಳು ಹೀಗೇ ಹೋದವು. ಪ್ರತಿ ತುತ್ತನ್ನೂ ನೀರು ಕುಡಿದು ಇಳಿಸುತ್ತಿದ್ದ.

ಮಗುಚಿದ ಬ್ಲಾಕ್ ಸಂಪೂರ್ಣ ಅಳಿಸಿಹೋಗುವುದಿಲ್ಲ. ಅದನ್ನು ಕಂಡಿದ್ದ ಕಂಪ್ಯೂಟರಿನ ಮೂಲೆಯಲ್ಲಿ ಬಿದ್ದಿರುತ್ತದೆ. ಆ ಕಸುಬಿನವರು ಅದನ್ನು ಅನಾಥ ಎನ್ನುತ್ತಾರೆ. ಕೆಲಸ ಬಿಟ್ಟ ಆ ಸಂಜೆಯೇ ಅವನು ಅದೊಂದನ್ನು ನಕಲು ಮಾಡಿಕೊಂಡು ಬಂದಿದ್ದ. ಮನೆಯ ಹಳೆಯ ಕಂಪ್ಯೂಟರಿನಲ್ಲಿ ದಿನವೂ ಅದನ್ನು ತೆರೆಯುತ್ತಿದ್ದ. ಅಲ್ಲಿ ಅಕ್ಕನ ಹಣ ಇನ್ನೂ ಆ ಒಳ್ಳೆಯವನ ಕೈಯಲ್ಲೇ ಇತ್ತು. ಆ ಪುಟದ ಪ್ರಕಾರ ಅದು ಇವತ್ತೋ ನಾಳೆಯೋ ವಾಪಸ್ ಬರುತ್ತದೆ, ಅಕ್ಕ ಅಂಗಡಿ ಕೊಳ್ಳುತ್ತಾಳೆ, ಗೋಡೆ ಒಡೆಸಿ ಕಿಟಕಿ ಇಡುತ್ತಾಳೆ. ಎಲ್ಲೋ ಒಂದು ಕಡೆ ಆ ಅಕ್ಕ ಬದುಕಿದ್ದಾಳೆ, ಕಿಟಕಿಯ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದಾಳೆ ಎಂದು ಅವನಿಗೆ ಅನಿಸುತ್ತಿತ್ತು. ಸತ್ತವರು ದೆವ್ವವಾಗುತ್ತಾರೆಂದು ಜನ ಹೇಳುತ್ತಾರೆ. ಆಗಬೇಕಾಗಿದ್ದು ಆಗದೆ ಹೋದರೆ ಅದೂ ಮನೆಯೊಳಗೆ ಓಡಾಡುತ್ತದೆ. ಹೆಂಡತಿಗೆ ಎಲ್ಲವೂ ಗೊತ್ತಿತ್ತು. "ಒಂದೋ ಅವರಿಗೆ ಹೇಳಿಬಿಡ್ರೀ, ಇಲ್ಲಾ ಅದನ್ನ ಅಳಿಸಿಬಿಡ್ರೀ. ಮನೇಲಿ ಮೂರನೆಯವರ ಜೊತೆ ಸಂಸಾರ ಮಾಡಿದ ಹಾಗಾಗಿದೆ" ಎನ್ನುತ್ತಿದ್ದಳು.

ಒಂದು ಭಾನುವಾರ ಅಕ್ಕ ಕೇಳಲಿಲ್ಲ. ಬಡಿಸಿದಳು, ಎದುರು ಕೂತಳು, ಸೆರಗಿನಿಂದ ಕನ್ನಡಕ ಒರೆಸಿದಳು. ಕಣ್ಣು ಮಂಜಾಗಿ ಅವಳು ಹೊಸ ಹೊಲಿಗೆ ಒಪ್ಪಿಕೊಳ್ಳುವುದನ್ನು ನಿಲ್ಲಿಸಿದ್ದಳು.

"ಇನ್ನು ಹುಡುಕ್ಬೇಡ್ವೋ" ಎಂದಳು. "ಬಿಟ್ಟೆ. ಅವನೂ ಯಾರ ಮನೆ ಮಗನೋ, ಏನು ಕಷ್ಟ ಇತ್ತೋ. ನೀನೂ ಎಷ್ಟು ಅಂತ ಅಲೀತೀಯ, ಒಣಗಿ ಕಡ್ಡಿ ಆಗಿದೀಯ. ಎಲ್ಲಿದಾನೋ ಚೆನ್ನಾಗಿರ್ಲಿ."

ಅವನ ಎದೆಯ ಮೇಲಿನ ಕಲ್ಲು ಸರಿಯಿತು. ನಿಜವಾಗಿಯೂ ಸರಿಯಿತು, ಉಸಿರು ಪೂರ್ತಿ ಒಳಗೆ ಹೋಯಿತು. ಸುಮ್ಮನೆ ಊಟ ಮುಗಿಸಿ ಎದ್ದುಬಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವಳು ಕ್ಷಮಿಸಿದ್ದು ಮುಖವಿಲ್ಲದ ಯಾರನ್ನೋ. ಆ ಮುಖ ಕಂಡ ಮೇಲೂ ಅದು ಉಳಿಯುತ್ತದೆಯೇ ಎಂದು ತಿಳಿಯದೆ ಅವನಿಂದ ಅದನ್ನು ತೆಗೆದುಕೊಳ್ಳಲಾಗಲಿಲ್ಲ.

"ಅವನು ಸಿಕ್ಕಿದಾನೆ ಅಕ್ಕ."

"ಯಾರೋ?"

"ನಾನೇ. ಅವತ್ತು ಕುರ್ಚೀಲಿ ಇದ್ದೋನು ನಾನು. ನಾನೇ ಮಗುಚಿದ್ದು."

ಅಕ್ಕ ಅವನ ಮುಖವನ್ನೇ ನೋಡಿದಳು. ಕೆಳಗಿನ ಬೀದಿಯಲ್ಲಿ ಯಾರೋ ಗಾಡಿಯ ಹಾರ್ನ್ ಹೊಡೆಯುತ್ತಲೇ ಇದ್ದರು. ಅದು ನಿಲ್ಲುವವರೆಗೆ ಅವಳು ಕಾದಳು.

"ನಂದು ಅಂತ ಗೊತ್ತಿರ್ಲಿಲ್ಲ, ಅಲ್ವಾ?" ಎಂದಳು. ದನಿಯಲ್ಲಿ ಕೇಳುವುದಕ್ಕಿಂತ ಹೇಳಿಕೊಡುವುದೇ ಹೆಚ್ಚಾಗಿತ್ತು. ಇಲ್ಲ ಎನ್ನು, ಸಾಕು, ಎನ್ನುವಂತಿತ್ತು.

ಗೊತ್ತಿರಲಿಲ್ಲ ಎಂದರೆ ಅದು ಪೂರ್ತಿ ಸುಳ್ಳೂ ಅಲ್ಲ. ಇಷ್ಟು ವರ್ಷ ಅವನು ತನಗೆ ತಾನೇ ಹೇಳಿಕೊಂಡದ್ದು ಅದನ್ನೇ.

"ಅಂಕಿ ನೋಡಿದೆ ಅಕ್ಕ. ಗುರುತು ಸಿಕ್ಕಿತ್ತು. ಯಾರದು ಅಂತ ನೋಡೋಕೆ ಮನಸ್ಸು ಮಾಡ್ಲಿಲ್ಲ."

ಅಕ್ಕ ಅವನ ತಟ್ಟೆಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು. ಅದರಲ್ಲಿ ಇನ್ನೂ ಅನ್ನವಿತ್ತು. ಏನು ಮಾಡಬೇಕೆಂದು ತಿಳಿಯದವಳಂತೆ ಅದನ್ನು ಹಿಡಿದುಕೊಂಡೇ ಕೂತಳು.

"ದುಡ್ಡು ಹೋದ ದಿನ ನಾನು ಅಳ್ಲಿಲ್ಲ" ಎಂದಳು. "ಹೋದ್ರೆ ಹೋಗ್ಲಿ, ನಂಗೆ ತಮ್ಮ ಇದಾನಲ್ಲ ಅಂದ್ಕೊಂಡಿದ್ದೆ."

ಆಮೇಲೆ ಅವಳು ಅತ್ತಳು. ಅಪ್ಪ ಅಮ್ಮ ಹೋದಾಗಲೂ ತಮ್ಮನ ಮುಂದೆ ಅಳದವಳು, ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಚಿಕ್ಕ ಹುಡುಗಿಯಂತೆ ಬಿಕ್ಕಿ ಬಿಕ್ಕಿ ಅತ್ತಳು. ಅವನು ಎದ್ದು ನಿಂತ. ಅವಳನ್ನು ಸಮಾಧಾನ ಮಾಡಲು ಆ ಕೋಣೆಯಲ್ಲಿ ಅವನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.